ಉಳಿದಿರುವುದು ಎಷ್ಟು?

(ಬಾನುಲಿ ಭಾಷಣದ ಬರಹರೂಪ)

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೂ ಮೋಟಾರ್ ಸೈಕಲ್ಲಿನ ಪೆಟ್ರೋಲಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಎರಡು ಬಗೆಯದು. ಮೊದಲನೆಯದು ತೀರ ಲೌಕಿಕವಾದದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಗಾಡಿಯೊಂದು ಎರಡು ದಶಕಗಳಿಗೂ ಮಿಗಿಲಾಗಿ ನನ್ನನ್ನು ಹೊತ್ತು ತಿರುಗಿದೆ. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತಾದರೂ, ಅದರ ಗಾಡಿಗಳ ಸದ್ದು ನಮ್ಮ ಊರುಗಳ ಬೀದಿಗಳಿಂದ ಇನ್ನೂ ಮರೆಯಾಗಿಲ್ಲ. ಎರಡನೆಯ ಸಂಬಂಧ ಭಾಷೆಗೆ ಸೇರಿದ್ದು. ಕನ್ನಡದಲ್ಲಿ 'ಉಳಿ' ಎಂಬ ಧಾತುವಿಗೆ ಎರಡು ಅರ್ಥಗಳಿವೆ. ಖರ್ಚಾಗದೆ ಮಿಕ್ಕಿರುವುದೂ ಉಳಿಯುವುದೇ, ಆಪತ್ತಿನಿಂದ ಪಾರಾಗುವುದೂ ಉಳಿಯುವುದೇ. ಉಳಿಕೆ, ಉಳಿತಾಯ, ಉಳಿವು ಎಲ್ಲವೂ ಒಂದೇ ಬೇರಿನ ಚಿಗುರುಗಳು. ದೂರದ ದಾರಿಯಲ್ಲಿ ಗಾಡಿ ಓಡಿಸುವವನಿಗೆ ಈ ಎರಡು ಅರ್ಥಗಳ ನಡುವಣ ಅಂತರ ಬಹಳ ಕಿರಿದು.

ಊರೊಳಗೆ ಪೆಟ್ರೋಲು ತೀರಿದರೆ ಆಗುವ ನಷ್ಟ ಹೆಚ್ಚೇನಲ್ಲ. ಅರ್ಧ ಮೈಲಿ ತಳ್ಳಬೇಕು, ಪರಿಚಯದವರು ಕಂಡರೆ ಸ್ವಲ್ಪ ಸಂಕೋಚಪಡಬೇಕು. ಆದರೆ ಮಳೆಗಾಲದ ಮುಸ್ಸಂಜೆಯಲ್ಲಿ ಚಾರ್ಮಾಡಿ ಘಟ್ಟದ ನಡುವೆ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡಿರುವಾಗ ಗಾಡಿ ನಿಂತರೆ, ಅದು ಸಂಕೋಚದ ಮಾತಲ್ಲ. ಆದ್ದರಿಂದ 'ಟ್ಯಾಂಕಿನಲ್ಲಿ ಉಳಿದಿರುವುದು ಎಷ್ಟು? ಅದು ನನ್ನನ್ನು ಎಲ್ಲಿಯವರೆಗೆ ಒಯ್ದೀತು?' ಎಂಬ ಪ್ರಶ್ನೆಗಳನ್ನು ತುಸು ನಿಧಾನವಾಗಿ ವಿಚಾರ ಮಾಡುವುದು ಒಳ್ಳೆಯದು.

ಹಳೆಯ ಗಾಡಿಗಳಲ್ಲಿ ಪೆಟ್ರೋಲು ತೋರಿಸುವ ಮುಳ್ಳೇ ಇರುತ್ತಿರಲಿಲ್ಲ. ಸವಾರನು ಗಾಡಿಯನ್ನು ಅತ್ತಿತ್ತ ಅಲುಗಾಡಿಸಿ ಕಿವಿಗೊಟ್ಟು ಕೇಳುತ್ತಿದ್ದ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ಮನುಷ್ಯರ ಗುಣಕ್ಕೆ ಅನ್ವಯಿಸುತ್ತೇವೆ. ಟ್ಯಾಂಕಿನ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಆದರೆ ತುಳುಕುವ ಸದ್ದಿನಿಂದ ತಿಳಿಯುವುದು ಕೊಡ ತುಂಬಿಲ್ಲ ಎಂಬುದಷ್ಟೇ. ಎಷ್ಟು ಖಾಲಿ ಎಂಬುದನ್ನು ಆ ಸದ್ದು ಹೇಳಲಾರದು. ಒಣಗಿದ ಬಿದಿರಿನ ಕಡ್ಡಿಯನ್ನು ಇಳಿಬಿಟ್ಟು ನೋಡುವುದು ಇದಕ್ಕಿಂತ ಮೇಲು. ಖಾಲಿ ಟ್ಯಾಂಕಿಗೆ ಲೀಟರು ಲೀಟರಾಗಿ ಹಾಕುತ್ತ, ಪ್ರತಿ ಲೀಟರಿಗೂ ಕಡ್ಡಿಯ ಮೇಲೆ ಗೀರು ಹಾಕಿಟ್ಟುಕೊಂಡವರನ್ನು ನಾನು ಬಲ್ಲೆ. ಗಾಡಿಯನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಹಗಲು ಬೆಳಕಿನಲ್ಲಿ, ಒದ್ದೆಯ ಗುರುತು ಆರುವ ಮುನ್ನ ನೋಡಿದರೆ ಅದು ಸಾಕಷ್ಟು ನಂಬಬಹುದಾದ ಅಳತೆ. ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ಟ್ಯಾಂಕಿನೊಳಗೆ ಇಣುಕುವವರ ವಿಷಯ ಮಾತ್ರ ಹೇಳದಿರುವುದೇ ಲೇಸು.

ಈ ಗಾಡಿಗಳಿಗೆ ಮುಳ್ಳಿಗಿಂತ ಸರಳವಾದ ಇನ್ನೊಂದು ಏರ್ಪಾಡು ಇತ್ತು. ಅದೇ ರಿಸರ್ವ್. ಟ್ಯಾಂಕಿನ ತಳದಲ್ಲಿ ಮೆಕ್ಯಾನಿಕ್ಕುಗಳು ಪೆಟ್ರೋಲ್ ಕಾಕ್ ಎಂದು ಕರೆಯುವ ಸಣ್ಣ ನಲ್ಲಿ. ಅದರೊಳಗೆ ಎರಡು ದಾರಿಗಳು. ಒಂದು, ಟ್ಯಾಂಕಿನೊಳಕ್ಕೆ ಕೆಲವು ಅಂಗುಲ ಎದ್ದು ನಿಂತ ಕೊಳವೆಯ ಬಾಯಿ; ಇನ್ನೊಂದು, ತಳಕ್ಕೆ ಹತ್ತಿರವಿರುವ ರಂಧ್ರ. ದಿನನಿತ್ಯದ ಓಡಾಟದಲ್ಲಿ ಎಂಜಿನ್ನು ಎತ್ತರದ ಬಾಯಿಂದಲೇ ಕುಡಿಯುತ್ತದೆ. ಪೆಟ್ರೋಲಿನ ಮಟ್ಟ ಆ ಬಾಯಿಗಿಂತ ಕೆಳಗಿಳಿದಾಗ ಗಾಡಿ ಮುಗ್ಗರಿಸುತ್ತದೆ. ಸವಾರನು ಓಡುತ್ತಿರುವಾಗಲೇ ಕೈ ಇಳಿಬಿಟ್ಟು ನಲ್ಲಿಯನ್ನು ತಿರುಗಿಸುತ್ತಾನೆ. ತಳದ ಪೆಟ್ರೋಲು ಹರಿದು ಗಾಡಿ ಮತ್ತೆ ಚೇತರಿಸಿಕೊಳ್ಳುತ್ತದೆ. 'ಗಾಡಿ ರಿಸರ್ವಿಗೆ ಬಿತ್ತು' ಎನ್ನುವುದು ಇದನ್ನೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರಿಸರ್ವ್ ಎಂಬುದು ಬೇರೆ ಟ್ಯಾಂಕಲ್ಲ, ಹೆಚ್ಚಿನ ಪೆಟ್ರೋಲೂ ಅಲ್ಲ. ನಮ್ಮದೇ ಪೆಟ್ರೋಲಿನ ಒಂದು ಭಾಗವನ್ನು ಕೊಳವೆಯ ಎತ್ತರವೊಂದು ನಮ್ಮಿಂದಲೇ ಮರೆಮಾಡಿ ಇಟ್ಟಿರುತ್ತದೆ, ಅಷ್ಟೆ. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಹಣ ಇಡುತ್ತಿದ್ದರಲ್ಲ, ಆ ರೀತಿ. ಆ ಹಣವೂ ಮನೆಯ ಸಂಬಳದಿಂದಲೇ ಬಂದದ್ದು; ಆದರೆ ಕೈಗೆ ಸುಲಭವಾಗಿ ಸಿಗದಿದ್ದುದರಿಂದಲೇ ಅದು ಕಷ್ಟಕಾಲಕ್ಕೆ ಉಳಿಯುತ್ತಿತ್ತು. ಪೆಟ್ರೋಲು ತುಂಬಿಸಿದ ಮೇಲೆ ನಲ್ಲಿಯನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತಿರುಗಿಸಬೇಕೆಂದು ಬಲ್ಲವರು ಒತ್ತಿ ಹೇಳುವುದು ಇದಕ್ಕಾಗಿಯೇ. ಹಾಗೆ ತಿರುಗಿಸದಿದ್ದರೆ ಮುಂದಿನ ಬಾರಿ ಮುಗ್ಗರಿಕೆಯ ಎಚ್ಚರಿಕೆಯೇ ಬರುವುದಿಲ್ಲ. ಡಬ್ಬಿಯ ಹಣವೂ ದಿನದ ಖರ್ಚಿನಲ್ಲಿ ಸೇರಿ ಹೋಗಿರುತ್ತದೆ. ಯೆಜ್ಡಿಯವರಿಗೆ ಇನ್ನೊಂದು ಜಾಗ್ರತೆಯೂ ಬೇಕಿತ್ತು. ಅದರದು ಪೆಟ್ರೋಲಿನಲ್ಲಿ ಆಯಿಲ್ ಬೆರೆಸಿ ಹಾಕುವ ಎಂಜಿನ್ನು. ದಾರಿಯಲ್ಲಿ ಬುಲೆಟ್ಟಿನವರೊಬ್ಬರು ಕನಿಕರಿಸಿ ಒಂದು ಲೀಟರು ಪೆಟ್ರೋಲು ಕೊಟ್ಟರೂ, ಜೊತೆಗೆ ಆಯಿಲ್ಲಿನ ಸಣ್ಣ ಬಾಟಲಿ ನಮ್ಮ ಬಳಿ ಇಲ್ಲದಿದ್ದರೆ ಆ ದಾನ ಉಪಯೋಗಕ್ಕೆ ಬರುತ್ತಿರಲಿಲ್ಲ.

ರಿಸರ್ವಿನಲ್ಲಿ ಎಷ್ಟಿದೆ ಎಂಬುದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಬಂಕಿನ ಸಮೀಪದಲ್ಲೇ ಗಾಡಿ ರಿಸರ್ವಿಗೆ ಬೀಳುವಂತೆ ನೋಡಿಕೊಂಡು ಕೂಡಲೇ ತುಂಬಿಸಬೇಕು. 14.5 ಲೀಟರಿನ ಟ್ಯಾಂಕು 12.7 ಲೀಟರು ಹಿಡಿದರೆ, ಒಳಗೆ ಉಳಿದಿದ್ದದ್ದು 1.8 ಲೀಟರು. ಲೀಟರಿಗೆ 30 ಕಿಲೋಮೀಟರಿನಂತೆ ಅದು 54 ಕಿಲೋಮೀಟರಿನ ದಾರಿ. ಆದರೆ ಈ 54 ಕಾಗದದ ಮೇಲಿನ ಮಾತು. ಮೋಟಾರ್ ಸೈಕಲ್ಲಿನ ಟ್ಯಾಂಕು ಅನೇಕ ಗಾಡಿಗಳಲ್ಲಿ ಕುದುರೆಯ ಜೀನಿನಂತೆ ಚೌಕಟ್ಟಿನ ಕೊಳವೆಯ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಮಟ್ಟ ಕೆಳಗಿಳಿದಾಗ ಪೆಟ್ರೋಲು ಎಡಬಲಗಳಾಗಿ ಇಬ್ಭಾಗವಾಗುತ್ತದೆ. ಎರಡು ಬದಿಗೂ ಸಂಪರ್ಕ ಕಲ್ಪಿಸುವ ಕೊಳವೆಯಿಲ್ಲದೆ, ನಲ್ಲಿ ಒಂದೇ ಬದಿಯಲ್ಲಿದ್ದರೆ, ಇನ್ನೊಂದು ಬದಿಯ ಪೆಟ್ರೋಲು ಇದ್ದೂ ಇಲ್ಲದಂತೆ. ಹಳೆಯ ಸವಾರರು ಗಾಡಿಯನ್ನು ನಲ್ಲಿಯ ಕಡೆಗೆ ಚೆನ್ನಾಗಿ ವಾಲಿಸಿ, ಆಚೆಯದನ್ನು ಈಚೆಗೆ ಹರಿಸಿಕೊಂಡು ಕೊನೆಯ ಎರಡು ಮೈಲಿ ಸಾಗುತ್ತಿದ್ದರು.

ಈಗಿನ ಗಾಡಿಗಳಿಗೆ ಬರೋಣ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಗೆಯ ಕುರಿತಾದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರು ಹಿಂದೆ ಸರಿದು ಇಂಜೆಕ್ಷನ್ ವ್ಯವಸ್ಥೆ ಬಂದಿದೆ. ಅದರಲ್ಲಿ ಟ್ಯಾಂಕಿನೊಳಗೇ ಇರುವ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ತಳ್ಳುತ್ತದೆ. ನಲ್ಲಿ ಹೋಯಿತು, ನಲ್ಲಿಯೊಡನೆ ರಿಸರ್ವೂ ಹೋಯಿತು. ಆ ಪಂಪಿಗೆ ತಂಪು ಕೊಡುವುದೂ ಜಾರುವಿಕೆ ಕೊಡುವುದೂ ಅದು ಮುಳುಗಿರುವ ಪೆಟ್ರೋಲೇ. ಹೀಗಾಗಿ ಕೊನೆಯ ತೊಟ್ಟಿನವರೆಗೆ ಓಡಿಸುವ ಅಭ್ಯಾಸ ಇಂದು ಪ್ರಯಾಣಕ್ಕೆ ಮಾತ್ರವಲ್ಲ, ಯಂತ್ರಕ್ಕೂ ಕೇಡು.

ನಲ್ಲಿಯ ಬದಲಿಗೆ ಈಗ ಮೂರು ಸಾಕ್ಷಿಗಳು ಸವಾರನ ಎದುರಿಗಿವೆ. ಮೊದಲನೆಯದು ಮುಳ್ಳು ಅಥವಾ ಪರದೆಯ ಮೇಲಿನ ಗೆರೆಗಳು. ಟ್ಯಾಂಕಿನೊಳಗೆ ನೀರಿನ ತೊಟ್ಟಿಯಲ್ಲಿರುವಂಥ ತೇಲುಗುಂಡು. ಅದರ ತೋಳು ಏರಿಳಿದಂತೆ ವಿದ್ಯುತ್ತಿನ ಪ್ರಮಾಣ ಬದಲಾಗಿ ಮುಳ್ಳು ಚಲಿಸುತ್ತದೆ. ಅಂದರೆ ಮುಳ್ಳು ಅಳೆಯುವುದು ಎತ್ತರವನ್ನು, ಪರಿಮಾಣವನ್ನಲ್ಲ. ಉತ್ತರ ಕರ್ನಾಟಕದ ಹಗೇವುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲದೊಳಗಿನ ಆ ಕಣಜದ ಬಾಯಿ ಕಿರಿದು, ಹೊಟ್ಟೆ ಹಿರಿದು. ಬಾಯಿಯ ಬಳಿ ಒಂದು ಮೊಳ ಜೋಳ ಇಳಿದರೂ ಹೋದದ್ದು ಸ್ವಲ್ಪ. ಹೊಟ್ಟೆಯಲ್ಲಿ ಒಂದು ಮೊಳ ಇಳಿದರೆ ಹೋದದ್ದು ಬಹಳ. ಟ್ಯಾಂಕಿನಲ್ಲಿ ಇದು ತಿರುವುಮುರುವು: ಮೇಲ್ಭಾಗ ವಿಶಾಲ, ಕೆಳಭಾಗದಲ್ಲಿ ಚೌಕಟ್ಟಿನ ಕೊಳವೆ ತೂರಿಬಂದು ಜಾಗ ಇಕ್ಕಟ್ಟು. ಹಾಗಾಗಿ ಮೊದಲರ್ಧ ನಿಧಾನವಾಗಿ ಇಳಿಯುವ ಮುಳ್ಳು, ಉಳಿದರ್ಧವನ್ನು ಅವಸರದಿಂದ ಮುಗಿಸುತ್ತದೆ. ತುಂಬಿದ ಟ್ಯಾಂಕಿನಲ್ಲಿ ತೇಲುಗುಂಡು ಸೂರಿಗೆ ತಾಗಿಕೊಂಡೇ ಇರುವುದರಿಂದ ಬಹಳ ದೂರದವರೆಗೆ ಮುಳ್ಳು ಅಲುಗುವುದೇ ಇಲ್ಲ. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿ ನಿಂತಾಗ, ಘಟ್ಟ ಹತ್ತುವಾಗ, ಇಳಿಯುವಾಗ ಅದು ಹೇಳುವ ಮಾತು ಬೇರೆ ಬೇರೆ. ಸಮತಟ್ಟಿನ ದಾರಿಯಲ್ಲಿ ಕೆಲವು ನಿಮಿಷ ಓಡಿದ ಮೇಲೆ ಅದನ್ನು ನೋಡುವುದು ಸರಿ.

ಎರಡನೆಯ ಸಾಕ್ಷಿ ಹಳದಿ ದೀಪ. ಕೆಲವು ಗಾಡಿಗಳಲ್ಲಿ ಇದಕ್ಕೆ ಟ್ಯಾಂಕಿನ ತಳದ ಹತ್ತಿರ ಸಣ್ಣದೊಂದು ಬಿಂದುವನ್ನು ಇಟ್ಟಿರುತ್ತಾರೆ. ಅದು ಪೆಟ್ರೋಲಿನಲ್ಲಿ ಮುಳುಗಿರುವಾಗ ತಂಪಾಗಿದ್ದು ವಿದ್ಯುತ್ತನ್ನು ತಡೆಯುತ್ತದೆ, ಮಟ್ಟ ಇಳಿದು ಬಯಲಾದಾಗ ತನ್ನಲ್ಲಿ ಹರಿಯುವ ವಿದ್ಯುತ್ತಿನಿಂದಲೇ ಬಿಸಿಯೇರಿ ದಾರಿ ಬಿಡುತ್ತದೆ, ದೀಪ ಹತ್ತುತ್ತದೆ. ತಿರುವುಗಳಲ್ಲಿ ಪೆಟ್ರೋಲು ಅತ್ತಿತ್ತ ತೂಗಿದಾಗ ಅದು ಮಿನುಗಿ ಆರುವುದೂ ಉಂಟು. ದೀಪ ಹತ್ತಿದಾಗ ನಿಮ್ಮ ಗಾಡಿಯಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು, ಹಿಂದೆ ರಿಸರ್ವಿಗೆ ಹೇಳಿದ ರೀತಿಯಲ್ಲೇ, ಮೂರು ನಾಲ್ಕು ಬಾರಿ ಅಳೆದು ತಿಳಿದುಕೊಳ್ಳಬಹುದು.

ಮೂರನೆಯ ಸಾಕ್ಷಿಯೇ ಎಲ್ಲರಿಗಿಂತ ಮಾತುಗಾರ. ಇನ್ನು 180 ಕಿಲೋಮೀಟರು ಹೋಗಬಹುದು ಎಂದು ಅಂಕೆಯಲ್ಲೇ ಬರೆದು ತೋರಿಸುವ ಲೆಕ್ಕ. ಕೇಳುವುದಕ್ಕೆ ಇಂಪಾದ ಈ ವಾಕ್ಯದಲ್ಲಿ ಒಂದು ವ್ಯಾಕರಣದ ತೊಡಕು ಇದೆ. ಯಂತ್ರಕ್ಕೆ ಗೊತ್ತಿರುವುದು, ಕಳೆದ ಸ್ವಲ್ಪ ದೂರದಲ್ಲಿ ಎಷ್ಟು ಪೆಟ್ರೋಲು ಖರ್ಚಾಯಿತು ಎಂಬುದು. ಅದನ್ನೇ ಉಳಿದಿರುವುದಕ್ಕೆ ಹೊಂದಿಸಿ ಅದು ಮುಂದಿನದನ್ನು ನುಡಿಯುತ್ತದೆ. ಭೂತಕಾಲದ ಕ್ರಿಯಾಪದವನ್ನು ಭವಿಷ್ಯತ್ಕಾಲದಲ್ಲಿ ಓದಿದ ಹಾಗೆ. ಘಟ್ಟ ಇಳಿಯುವಾಗ ಕೈ ಬಿಗಿ ಸಡಿಲಿಸಿದರೆ ಇಂಜೆಕ್ಷನ್ ಗಾಡಿ ಪೆಟ್ರೋಲನ್ನು ಹೆಚ್ಚು ಕಡಿಮೆ ನಿಲ್ಲಿಸಿಯೇ ಬಿಡುತ್ತದೆ. ಆಗ ಅಂಕೆ ಇಳಿಯುವ ಬದಲು ಏರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿದವನ ಪರದೆ ಬಹಳ ಉದಾರವಾಗಿರುತ್ತದೆ. ಅದೇ ದಾರಿಯಲ್ಲಿ ಮರಳಿ ಹತ್ತುವಾಗ ಆ ಔದಾರ್ಯ ಇರುವುದಿಲ್ಲ.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ನನ್ನ ಉತ್ತರ ಒಂದು ಚಿಕ್ಕ ನೋಟ್ ಪುಸ್ತಕ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಒಂದು ಗುರುತಿನವರೆಗೆ ಪೆಟ್ರೋಲು ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಬಾರಿ ಅದೇ ಗುರುತಿನವರೆಗೆ ತುಂಬಿಸಿ. 396 ಕಿಲೋಮೀಟರು ಓಡಿ 12 ಲೀಟರು ಹಿಡಿದರೆ, ಲೀಟರಿಗೆ 33. ಹೀಗೆ ಹತ್ತು ಹದಿನೈದು ಬಾರಿ ಬರೆದಿಟ್ಟರೆ ಗಾಡಿಯ ಸ್ವಭಾವ ತಿಳಿಯುತ್ತದೆ. ಪ್ರಯಾಣಕ್ಕೆ ಲೆಕ್ಕ ಹಾಕುವಾಗ ಸರಾಸರಿಯನ್ನಲ್ಲ, ಪುಸ್ತಕದಲ್ಲಿರುವ ಅತ್ಯಂತ ಕೆಟ್ಟ ಅಂಕೆಯನ್ನು ಹಿಡಿಯಬೇಕು. ಅದು 27 ಎಂದಿಟ್ಟುಕೊಳ್ಳೋಣ. ಟ್ಯಾಂಕು 15 ಲೀಟರಿನದು. ಅದರಲ್ಲಿ 2 ಲೀಟರನ್ನು ಇಲ್ಲವೇ ಇಲ್ಲ ಎಂದು ಎಣಿಸಬೇಕು. ಉಳಿದ 13ನ್ನು 27ರಿಂದ ಗುಣಿಸಿದರೆ 351. ಪೂರ್ತಿ 15 ಲೀಟರನ್ನು 33ರಿಂದ ಗುಣಿಸಿದ್ದರೆ 495 ಬರುತ್ತಿತ್ತು. ಆಸೆಯ ಲೆಕ್ಕಕ್ಕೂ ಎಚ್ಚರದ ಲೆಕ್ಕಕ್ಕೂ ನಡುವೆ 144 ಕಿಲೋಮೀಟರಿನ ವ್ಯತ್ಯಾಸ, ಅಂದರೆ ಹೆಚ್ಚು ಕಡಿಮೆ ಬೆಂಗಳೂರಿನಿಂದ ಮೈಸೂರಿಗಿರುವ ದಾರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯನ್ನು ಅಳೆಯುವ ಕೆಲಸ ಮಾತ್ರ ನಮಗೆ ಬಿಟ್ಟರು.

ಈ ಕೆಟ್ಟ ಅಂಕೆ ಬರುವುದಕ್ಕೆ ಕಾರಣಗಳು ಹಲವು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 60ರ ವೇಗವನ್ನು 90ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು. ಗಾಳಿಯ ತಡೆ ಎರಡೂಕಾಲು ಪಟ್ಟು. ಎದುರುಗಾಳಿ, ಎರಡೂ ಬದಿಗೆ ಕಟ್ಟಿದ ಪೆಟ್ಟಿಗೆಗಳು, ಹಿಂದೆ ಕುಳಿತವರ ಭಾರ, ಗಾಳಿ ಇಳಿದ ಚಕ್ರಗಳು, ಏರುದಾರಿ ಇವೆಲ್ಲವೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಪೆಟ್ರೋಲೂ ಈಗ ಹಳೆಯ ಪೆಟ್ರೋಲಲ್ಲ. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಹಾಗಾಗಿ ಬೆರಕೆಯಿಲ್ಲದ ಪೆಟ್ರೋಲಿಗೆ ಹೋಲಿಸಿದರೆ ಇದರಲ್ಲಿ ಲೀಟರಿಗೆ ಶೇಕಡಾ 6–7ರಷ್ಟು ಶಕ್ತಿ ಕಡಿಮೆ. ಮೈಲೇಜು ನಿಖರವಾಗಿ ಅಷ್ಟೇ ಇಳಿಯಬೇಕೆಂದಿಲ್ಲ, ಅದು ಎಂಜಿನ್ನನ್ನು ಅವಲಂಬಿಸಿದ್ದು. ಆದರೆ ಹತ್ತು ವರ್ಷದ ಹಿಂದೆ ಬಾಯಿಪಾಠ ಮಾಡಿಕೊಂಡ ಅಂಕೆಯನ್ನು ಇಂದೂ ಹಿಡಿದು ಹೊರಡುವುದು ಸರಿಯಲ್ಲ.

ಬೆಳಗಿನ ತಂಪಿನಲ್ಲಿ ಪೆಟ್ರೋಲು ಹಾಕಿಸಿದರೆ ಲಾಭ ಎಂಬ ನಂಬಿಕೆಯೊಂದು ಇದೆ. ಪೆಟ್ರೋಲು ಬಿಸಿಗೆ ಹಿಗ್ಗುವುದು ನಿಜ: 15 ಲೀಟರಿಗೆ 20 ಡಿಗ್ರಿ ಬಿಸಿ ಏರಿದರೆ ಸುಮಾರು ಕಾಲು ಲೀಟರಿಗಿಂತ ತುಸು ಹೆಚ್ಚು. ಆದರೆ ಬಂಕಿನ ಟ್ಯಾಂಕು ನೆಲದಡಿಯಲ್ಲಿರುವುದರಿಂದ ಅಲ್ಲಿಯ ಬಿಸಿ ಬೆಳಗಿನಿಂದ ಮಧ್ಯಾಹ್ನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಈ ಹಿಗ್ಗುವಿಕೆಯಿಂದ ಕಲಿಯಬೇಕಾದದ್ದು ಬೇರೆ: ಕಂಠದ ಅಂಚಿನವರೆಗೆ ತುಂಬಿಸಿ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು.

ಈ ಲೆಕ್ಕ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಬಂಕುಗಳು ವಿರಳವಾಗಿರುವ ನಾಡಿನಲ್ಲಿ. ಅಂಥ ದಾರಿಗಳಲ್ಲಿ ನಮ್ಮ ದೇಶದ ಸವಾರರಿಗೆಲ್ಲ ಪರಿಚಿತವಾದದ್ದು ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಬಂಕಿನ ಬಳಿ, ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆ ಎಂದು ಸಾರುವ ಫಲಕವೊಂದು ಬಹುವರ್ಷ ಪ್ರಸಿದ್ಧವಾಗಿತ್ತು. ಹೊರಡುವವರು ಈಗಿನ ಸ್ಥಿತಿಯನ್ನು ಹೊಸದಾಗಿ ವಿಚಾರಿಸಿಕೊಳ್ಳುವುದು ಲೇಸು. ಆದರೆ ಆ ಫಲಕ ಹಾಕುವ ಪ್ರಶ್ನೆ ಮಾತ್ರ ಎಲ್ಲ ದಾರಿಗಳಿಗೂ ಸಲ್ಲುತ್ತದೆ. ಆ ದಾರಿಯಲ್ಲಿ ಸುಮಾರು 4,900 ಮೀಟರು ಎತ್ತರದ ಬಾರಾಲಾಚಾ, 5,300 ಮೀಟರನ್ನೂ ಮೀರಿದ ತಂಗ್ಲಾಂಗ್ ಲಾ ಮೊದಲಾದ ಕಣಿವೆಗಳನ್ನು ದಾಟಬೇಕು. 5,000 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟದಲ್ಲಿರುವುದರ ಶೇಕಡಾ 60ರಷ್ಟು ಮಾತ್ರ. ಕಾರ್ಬ್ಯುರೇಟರಿನ ಗಾಡಿ ಅಲ್ಲಿ ಗಾಳಿ ಸಾಲದೆ, ಪೆಟ್ರೋಲು ಹೆಚ್ಚಾಗಿ ಕೆಮ್ಮುತ್ತದೆ. ಇಂಜೆಕ್ಷನ್ ಗಾಡಿ ಹೊಂದಿಸಿಕೊಂಡರೂ, ಶಕ್ತಿ ಕುಂದಿದ್ದರಿಂದ ಕೆಳಗಿನ ಗೇರಿನಲ್ಲೇ ಏಗಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಾರಿಗೆ ಹೊರಟ. ಅವನ ಗಾಡಿ ನಾನು ಮೇಲೆ ಹೇಳಿದ 15 ಲೀಟರಿನದೇ. "ಮೇಷ್ಟ್ರೇ, ಪರದೆ 480 ತೋರಿಸುತ್ತಿದೆ. ಡಬ್ಬಿ ಹೊತ್ತುಕೊಂಡು ಹೋಗಬೇಕೆ?" ಎಂದು ಕೇಳಿದ. "ನಿನ್ನ ಪುಸ್ತಕ ಏನು ಹೇಳುತ್ತದಪ್ಪಾ?" ಎಂದೆ. ಪುಸ್ತಕ 351 ಎಂದಿತು. ದಾರಿ 365. ಹದಿನಾಲ್ಕು ಕಿಲೋಮೀಟರಿನ ಕೊರತೆ. ಅವನು ಬಿಗಿಮುಚ್ಚಳದ ಲೋಹದ ಕ್ಯಾನಿನಲ್ಲಿ 5 ಲೀಟರು ತುಂಬಿಸಿ, ಸೈಲೆನ್ಸರಿನಿಂದ ದೂರವಾಗಿ ಕಟ್ಟಿಕೊಂಡು ಹೊರಟ.

ಬಾರಾಲಾಚಾ ದಾಟಿದ ಮೇಲೆ, 4,200 ಮೀಟರಿಗೂ ಎತ್ತರದಲ್ಲಿರುವ ಸರ್ಚುವಿನ ಗುಡಾರಗಳ ಬಳಿ ಅವನಿಗೆ ಲೇಹ್ ಕಡೆಯಿಂದ ಬರುತ್ತಿದ್ದ ದಂಪತಿಗಳು ಸಿಕ್ಕರಂತೆ. ಸರ್ಚುವಿಗೆ ಬರುವ ಮುನ್ನ ಗಾಟಾ ಲೂಪ್ಸ್ ಎಂಬ 21 ತಿರುವುಗಳ ಇಳಿಜಾರಿದೆ. ಅದನ್ನು ಇಳಿದಾಗ ಅವರ ಗಾಡಿಯ ಪರದೆ ಕೇಲಾಂಗ್ ತಲುಪಿ ಮಿಗುವಷ್ಟು ದೂರವನ್ನು ತೋರಿಸಿತ್ತು. ಬಯಲಿನ ಎದುರುಗಾಳಿಗೆ ಸಿಕ್ಕಿದ ಮೇಲೆ ಆ ಅಂಕೆ ಕರಗಿ, ಹಳದಿ ದೀಪ ಹತ್ತಿತ್ತು. ಆಕೆಗೆ ತಲೆನೋವು, ವಾಂತಿ. ಎತ್ತರದ ಬೇನೆಗೆ ಮುಖ್ಯವಾದ ಮದ್ದು ಕೆಳಗಿಳಿಯುವುದು. ಇಳಿಯಲು ಗಾಡಿ ಬೇಕು, ಗಾಡಿಗೆ ಪೆಟ್ರೋಲು ಬೇಕು. ಅಲ್ಲಿಂದ ಕೇಲಾಂಗಿಗೆ ನೂರು ಕಿಲೋಮೀಟರಿನ ದಾರಿ, ನಡುವೆ ಬಾರಾಲಾಚಾದ ಏರು.

ನನ್ನ ವಿದ್ಯಾರ್ಥಿ ಒಡನೆಯೇ ಡಬ್ಬಿಗೆ ಕೈ ಹಾಕಲಿಲ್ಲ. ಪುಸ್ತಕ ತೆಗೆದ. ಟ್ಯಾಂಕಿನ 13, ಡಬ್ಬಿಯ 5, ಒಟ್ಟು 18 ಲೀಟರು. ಮೂರು ಕೊಟ್ಟರೆ 15. ಹದಿನೈದನ್ನು 27ರಿಂದ ಗುಣಿಸಿದರೆ 405. ತಾನು ಒಟ್ಟು ಕ್ರಮಿಸಬೇಕಾದದ್ದು 365. ನಲವತ್ತು ಕಿಲೋಮೀಟರು ಮಿಗುತ್ತದೆ. ಎಣಿಸದೆ ಬಿಟ್ಟ 2 ಲೀಟರು ಹಾಗೆಯೇ ಇದೆ. ಮೂರು ಲೀಟರು ಅಳೆದು ಕೊಟ್ಟ. ಅವರು ಆ ಸಂಜೆಯೇ ಸುಮಾರು 3,100 ಮೀಟರಿನ ಕೇಲಾಂಗಿಗೆ ಇಳಿದರೆಂದು ಆಮೇಲೆ ತಿಳಿಯಿತಂತೆ.

ಇದನ್ನು ಅವನು ನನಗೆ ಹೇಳಿದಾಗ ನನಗೆ ಮುಖ್ಯವೆನಿಸಿದ್ದು ಅವನ ಔದಾರ್ಯವಲ್ಲ. ಒಳ್ಳೆಯ ಮನಸ್ಸಿನವರು ದಾರಿಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ತನ್ನಲ್ಲಿ ಎಷ್ಟಿದೆ ಎಂದು ತಿಳಿಯದವನು ಕೊಡಲು ಹೆದರುತ್ತಾನೆ, ಇಲ್ಲವೆ ಕೊಟ್ಟು ತಾನೂ ನಡುದಾರಿಯಲ್ಲಿ ನಿಲ್ಲುತ್ತಾನೆ. ತಿಳಿದವನು ಎಷ್ಟು ಕೊಡಬಹುದು ಎಂಬುದನ್ನೂ ತಿಳಿದಿರುತ್ತಾನೆ. ಸಾಸಿವೆ ಡಬ್ಬಿಯ ಹಣವೂ ಎಷ್ಟೋ ಬಾರಿ ಪಕ್ಕದ ಮನೆಯವರ ಕಷ್ಟಕ್ಕೇ ಹೊರಬರುತ್ತಿತ್ತಲ್ಲವೆ?

ಆದ್ದರಿಂದ ದೂರ ಹೊರಡುವ ತರುಣರಿಗೆ ನನ್ನ ಮಾತು ಇಷ್ಟೆ. ಮುಳ್ಳನ್ನು ನೋಡಿ, ದೀಪವನ್ನು ಗಮನಿಸಿ, ಅಂಕೆಯನ್ನೂ ಓದಿ. ಮೂವರಲ್ಲಿ ಯಾರನ್ನೂ ಏಕೈಕ ಸಾಕ್ಷಿಯೆಂದು ಒಪ್ಪಬೇಡಿ. ನಿಮ್ಮ ಗಾಡಿಯ ಎಚ್ಚರದ ದೂರವನ್ನು ಅಳೆದು, ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿ. ಟ್ರಿಪ್ ಮೀಟರು ಅದರ ಅರ್ಧವನ್ನು ಮುಟ್ಟಿದಾಗ, ಮುಂದಿನ ಬಂಕು ಎಲ್ಲಿ ಎಂಬುದು ನಿಮಗೆ ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹಿಂದಿರುಗಲು ಅದೇ ಕೊನೆಯ ಜಾಗ. ಅದನ್ನು ದಾಟಿದ ಮೇಲೆ ಮರಳುವ ದಾರಿಯೂ ಮುಂದಿನ ದಾರಿಯಷ್ಟೇ ಅನುಮಾನದ್ದು. ಮೀಟರನ್ನು ಸೊನ್ನೆಗೆ ತರುವುದಕ್ಕೆ ಬೇಕಾದದ್ದು ಒಂದು ಗಳಿಗೆ. ಬಂಕಿನಿಂದ ಹೊರಡುವ ಮುನ್ನ ಆ ಗಳಿಗೆಯನ್ನು ಅದಕ್ಕೆ ಕೊಡಿ.